ಸ್ಯಾನ್ ಹೋಸೆ ಅಜ್ಜಿಯ ಬೆಸುಗೆ ಪಾಠ

ನಿಮಗೆ ಕಲಿಸಿದ ಮೇಷ್ಟ್ರೊಬ್ಬರ ಬಗ್ಗೆ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದವರು ಹಾಸನದ ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಕಾಲೇ ಇಡದ ಒಬ್ಬ ಅಜ್ಜಿ. ವಿಯೆಟ್ನಾಂನವರು. ನಾನು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಎಂ.ಎಸ್. ಓದುವಾಗ ಅವರ ಮನೆಯಲ್ಲಿ ಬಾಡಿಗೆಗಿದ್ದೆ. ಹೋದ ವರ್ಷ ತಮ್ಮ 88ನೇ ವಯಸ್ಸಿನಲ್ಲಿ ತೀರಿಕೊಂಡರು. ಹಾಸನದ ನಮ್ಮ ಲ್ಯಾಬ್ ಮೇಷ್ಟ್ರು ಮತ್ತು ಈ ಅಜ್ಜಿ, ಇವರಿಬ್ಬರು ಸಿಗದಿದ್ದರೆ ನಾನು ಎಂಜಿನಿಯರ್ ಅಂತ ಹೇಳಿಕೊಳ್ಳೋಕೆ ಒಂದು ಕಾಗದ ಬಿಟ್ಟು ಬೇರೇನೂ ನನ್ನ ಹತ್ತಿರ ಇರುತ್ತಿರಲಿಲ್ಲ. ಮೇಷ್ಟ್ರ ಬಗ್ಗೆ ಬರೆಯೋಕೆ ಅವರ ಶಿಷ್ಯರು ಎಷ್ಟೋ ಜನ ಇದ್ದಾರೆ. ಅಜ್ಜಿಯ ಬಗ್ಗೆ ಕನ್ನಡದಲ್ಲಿ ಬರೆಯೋಕೆ ನಾನೊಬ್ಬಳೇ.

1998ರ ಆಗಸ್ಟ್‌ನಲ್ಲಿ ನಾನು ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಗೆ ಸೇರಿದೆ. ಅರಸೀಕೆರೆ ಹತ್ತಿರದ ಹಳ್ಳಿಯಿಂದ ಹೋದವಳು. ಆಗ ಆ ಊರಿನಲ್ಲಿ ಮನೆ ಸಿಗೋದು ತುಂಬಾ ಕಷ್ಟ. ಕಂಪ್ಯೂಟರ್ ಕಂಪನಿಗಳು ಜೋರಾಗಿದ್ದ ಕಾಲ, ಬಾಡಿಗೆ ಆಕಾಶಕ್ಕೆ ಏರಿತ್ತು. ಶಿವಮೊಗ್ಗ ಕಡೆಯ ಒಬ್ಬಳು, ಹೈದರಾಬಾದಿನ ಒಬ್ಬಳು, ನಾನು, ಮೂವರೂ ಸೇರಿ ಹುಡುಕಿದೆವು. ಸೆಂಟರ್ ರೋಡ್ ಕಡೆ ಒಂದು ಮನೆಯಲ್ಲಿ ಎರಡು ರೂಮು ಖಾಲಿ ಇದೆ ಅಂತ ಗೊತ್ತಾಯಿತು. ಬಾಗಿಲು ತೆಗೆದವರು ನನ್ನ ಭುಜಕ್ಕೂ ಬಾರದ ಎತ್ತರದ ಹೆಂಗಸು. ಕೂದಲು ಎಳೆದು ಗಂಟು ಹಾಕಿದ್ದರು. ನಮ್ಮನ್ನು ಒಳಗೆ ಕೂರಿಸಿ ಮೊದಲು ಕೇಳಿದ್ದು ಬಾಡಿಗೆ ಎಷ್ಟು ಕೊಡ್ತೀರಿ ಅಂತಲ್ಲ. ಊಟ ಆಯ್ತಾ ಅಂತ.

ನಾವು ಮಾಂಸ, ಮೀನು ತಿನ್ನುವುದಿಲ್ಲ ಅಂತ ಅಳುಕುತ್ತಲೇ ಹೇಳಿದೆವು. ಅವರ ಅಡುಗೆಮನೆಯಲ್ಲಿ ಮೀನಿನ ಸಾಸ್ ಇಲ್ಲದೆ ದಿನ ಕಳೆಯುವುದಿಲ್ಲ. ಅವರು ಒಂದು ಕ್ಷಣ ಯೋಚಿಸಿದರು. ಮಾರನೇ ದಿನದಿಂದ ಮೀನು ಹುರಿಯೋದು, ಸಾರು ಕುದಿಸೋದು ಎಲ್ಲ ಗ್ಯಾರೇಜಿನಲ್ಲಿದ್ದ ಇನ್ನೊಂದು ಒಲೆಗೆ ಹೋಯಿತು. ಒಳಗಿನ ಒಲೆ ನಮಗೆ. ಸ್ವಂತ ಮನೆಯಲ್ಲಿ ಬಾಡಿಗೆಯ ಹುಡುಗಿಯರಿಗೋಸ್ಕರ ಹೀಗೆ ಜಾಗ ಬಿಟ್ಟುಕೊಡುವವರನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಅಮಾವಾಸ್ಯೆ ಕಳೆದ ಪಾಡ್ಯ ಮತ್ತು ಹುಣ್ಣಿಮೆಗೆ ಅವರೂ ಸಸ್ಯಾಹಾರಿ. ಬೌದ್ಧರಲ್ಲಿ ಆ ಪದ್ಧತಿ ಇದೆ. ಆ ಎರಡು ದಿನ ನಾವು ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಿದ್ದೆವು, ಒಂದೇ ಮೇಜಿನಲ್ಲಿ ಊಟ. ಅವರು ತೋಫು ಮಾಡಿದರೆ ನಾವು ತಿಳಿಸಾರು. ಅವರನ್ನು ಏನಂತ ಕರೆಯಬೇಕು ಅಂತ ಗೊತ್ತಾಗದೆ ಅಜ್ಜಿ ಅಂದೆವು. ಕೆಲವೇ ದಿನದಲ್ಲಿ ಅವರ ಮೊಮ್ಮಕ್ಕಳೂ ನಮ್ಮೆದುರು ಹಾಗೇ ಕರೆಯೋಕೆ ಶುರು ಮಾಡಿದರು.

ಹಿತ್ತಲ ವಿಷಯ ಹೇಳಲೇಬೇಕು. ಮಜ್ಜಿಗೆ ಹುಲ್ಲು, ಹಾಗಲಕಾಯಿ ಚಪ್ಪರ, ನನಗೆ ಹೆಸರು ತಿಳಿಯದ ನಾಲ್ಕೈದು ಬಗೆಯ ಸೊಪ್ಪು. ಒಂದು ಮೂಲೆಯಲ್ಲಿ ನೀರು ಜಿನುಗುವ ಜಾಗದಲ್ಲಿ ಒಂದೆಲಗ ಹಬ್ಬಿತ್ತು! ವಿಯೆಟ್ನಾಂನಲ್ಲಿ ಅದನ್ನು ಅರೆದು, ಸೋಸಿ, ಸಕ್ಕರೆ ಹಾಕಿ ಕುಡಿಯುತ್ತಾರೆ. ನಮ್ಮ ಶಿವಮೊಗ್ಗದ ಗೆಳತಿ ಅದನ್ನು ಕಂಡು ಕುಣಿದೇಬಿಟ್ಟಳು. ಅವತ್ತೇ ತಂಬುಳಿ ಮಾಡಿದಳು. ಅಜ್ಜಿ ಬಟ್ಟಲಲ್ಲಿ ಹಾಕಿಕೊಂಡು ಕುಡಿದು, ಇನ್ನರ್ಧ ಬಟ್ಟಲು ಕೇಳಿದರು. ಆಮೇಲೆ ಪ್ರತಿ ಬೇಸಿಗೆಯಲ್ಲೂ ಅವರ ಮನೆಯಲ್ಲಿ ತಂಬುಳಿ ಆಗುತ್ತಿತ್ತು.

ಅಜ್ಜಿಯ ಕೆಲಸ ಎಲೆಕ್ಟ್ರಾನಿಕ್ಸ್ ಅಸೆಂಬ್ಲಿ. ಸ್ಯಾನ್ ಹೋಸೆ ಇರುವ ಸಿಲಿಕಾನ್ ವ್ಯಾಲಿ ಅಂದರೆ ನಮಗೆ ಸಾಫ್ಟ್‌ವೇರ್ ನೆನಪಾಗುತ್ತದೆ. ಆದರೆ ಆ ಕಾಲದಲ್ಲಿ ಅಲ್ಲಿ ಸಾವಿರಾರು ಹೆಂಗಸರು ಸಾಲಾಗಿ ಕೂತು ಸರ್ಕ್ಯೂಟ್ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದರು. ವಿಯೆಟ್ನಾಂ, ಫಿಲಿಪೀನ್ಸ್, ಮೆಕ್ಸಿಕೋದಿಂದ ಬಂದವರೇ ಜಾಸ್ತಿ. ಅಜ್ಜಿಯದು ಎರಡನೇ ಪಾಳಿ, ಮಧ್ಯಾಹ್ನ ಹೋದರೆ ಬರುವುದು ರಾತ್ರಿ ಹನ್ನೊಂದೂವರೆ ದಾಟಿದ ಮೇಲೆ. 80ರ ದಶಕದಲ್ಲಿ ಪಾಳಿ ಮುಗಿಸಿ ಬಂದು ಮತ್ತೆ ಮನೆಯಲ್ಲೂ ಬೋರ್ಡು ಮಾಡುತ್ತಿದ್ದರಂತೆ. ಚೀಲದಲ್ಲಿ ತುಂಬಿ ಕೊಡುತ್ತಿದ್ದರು, ಒಂದೊಂದು ಬೋರ್ಡಿಗೆ ಇಷ್ಟು ಸೆಂಟು ಅಂತ ಲೆಕ್ಕ. ನಮ್ಮ ಕಡೆ ಬೀಡಿ ಕಟ್ಟಿ ಕೊಡುವ ಹಾಗೆ. ಮಕ್ಕಳು ಮಲಗಿದ ಮೇಲೆ ಅಡುಗೆ ಮೇಜಿನ ಮೇಲೆ ಆ ಕೆಲಸ. ಮಕ್ಕಳನ್ನು ಆ ಮೇಜಿನ ಹತ್ತಿರ ಸೇರಿಸುತ್ತಿರಲಿಲ್ಲ, ಬೆಸುಗೆಯಲ್ಲಿ ಸೀಸ ಇರುತ್ತದಲ್ಲ. ಆ ಮನೆ ಕೊಳ್ಳಲು ಮುಂಗಡ ಹುಟ್ಟಿದ್ದು ಆ ಮೇಜಿನ ಮೇಲೆ.

ನಾನು ಎಲೆಕ್ಟ್ರಾನಿಕ್ಸ್ ಓದುತ್ತಿದ್ದೇನೆ ಅಂತ ತಿಳಿದಾಗ ಅಜ್ಜಿಗೆ ಭಾರೀ ಖುಷಿಯಾಯಿತು. ಒಂದು ಭಾನುವಾರ ಹಳೆಯ ಬೋರ್ಡೊಂದನ್ನು ಮುಂದಿಟ್ಟು, ಕಾವಿದ್ದ ಬೆಸುಗೆ ಐರನ್ ಕೈಗೆ ಕೊಟ್ಟು, ಹಾಕು ನೋಡೋಣ ಅಂದರು. ನಾನು ಹಾಕಿದೆ. ಅವರು ಭೂತಗನ್ನಡಿ ಹಿಡಿದು ನೋಡಿದರು. ನಾಲ್ಕು ವರ್ಷ ಓದಿದ್ದೀಯಾ, ಐರನ್ ಎಷ್ಟು ಸಲ ಹಿಡಿದಿದ್ದೀಯಾ ಅಂತ ಕೇಳಿದರು.

ಇಲ್ಲಿ ನಮ್ಮ ಲ್ಯಾಬ್ ಮೇಷ್ಟ್ರ ಮಾತು ಬರಬೇಕು. 97ರ ಬ್ಯಾಚಿನವರಿಗೆಲ್ಲ ನೆನಪಿರುತ್ತದೆ. ಆಗ ಎಂಟು ಜನಕ್ಕೊಂದು ಐರನ್. ಅದೂ ಬೀರುವಿನಲ್ಲಿ, ಬೀಗದ ಒಳಗೆ. ತಪ್ಪು ಮೇಷ್ಟ್ರದ್ದಲ್ಲ. ಸುಟ್ಟುಹೋದರೆ ಸ್ಟಾಕ್ ರಿಜಿಸ್ಟರಿನಲ್ಲಿ ಅವರೇ ಉತ್ತರ ಕೊಡಬೇಕಾಗಿತ್ತು. ನಾವು ರೆಕಾರ್ಡ್ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಅಂದವಾಗಿ ಸರ್ಕ್ಯೂಟ್ ಬರೆಯುತ್ತಿದ್ದೆವು, ಬೆಸುಗೆಯೇ ಬೇಡದ ಬ್ರೆಡ್‌ಬೋರ್ಡಿನಲ್ಲಿ ತಂತಿ ಚುಚ್ಚುತ್ತಿದ್ದೆವು, ಮಾರ್ಕ್ಸ್ ತೆಗೆಯುತ್ತಿದ್ದೆವು. ನಾನು ಮಾತ್ರ ಬಿಡದೆ ಕೇಳಿದ್ದಕ್ಕೆ ಮೇಷ್ಟ್ರು ಶನಿವಾರ ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಬೀರು ತೆಗೆಯುತ್ತಿದ್ದರು. ತಾವೇ ಜೋಡಿಸಿದ ರೇಡಿಯೋ ಹಾಕಿಕೊಂಡು ಹಾಸನ ಆಕಾಶವಾಣಿ ಕೇಳುತ್ತಾ ಪಕ್ಕದಲ್ಲಿ ಕೂರುತ್ತಿದ್ದರು. ಫ್ಲಾಸ್ಕಿನ ಕಾಫಿಯಲ್ಲಿ ನನಗೂ ಅರ್ಧ ಲೋಟ. ಹುಡುಗಿಯರು ಬೆಸುಗೆ ಯಾಕೆ ಕಲಿಯಬೇಕು ಅಂತ ಆ ಕಾಲದಲ್ಲಿ ಅವರು ಒಂದು ಸಲವೂ ಕೇಳಲಿಲ್ಲ. ನಾನು ಅಮೆರಿಕಕ್ಕೆ ಹೋದ ಕೆಲವೇ ವರ್ಷಕ್ಕೆ ಮೇಷ್ಟ್ರು ತೀರಿಕೊಂಡರು. ಅವರಿಗೆ ಬರೆದ ಕೊನೆಯ ಕಾಗದದಲ್ಲಿ ಅಜ್ಜಿಯ ಬಗ್ಗೆ ಎರಡು ಪುಟ ಬರೆದಿದ್ದೆ. ಅವರ ಉತ್ತರ ಇನ್‌ಲ್ಯಾಂಡ್ ಲೆಟರಿನಷ್ಟೇ ಚಿಕ್ಕದಾಗಿತ್ತು. ಆಕೆ ಹೇಳಿದ ಹಾಗೆ ಕೇಳು ಅಂತ ಬರೆದಿದ್ದರು.

ಅಜ್ಜಿ ಕಲಿಸುವ ಕ್ರಮವೇ ಬೇರೆ. ಮೊದಲ ಎರಡು ತಿಂಗಳು ಬೆಸುಗೆ ಹಾಕೋಕೆ ಬಿಡಲೇ ಇಲ್ಲ. ತೆಗೆಯೋದು ಕಲಿ ಅಂದರು. ಹಳೆಯ ಬೋರ್ಡಿನಿಂದ ಒಂದೊಂದೇ ಬಿಡಿಭಾಗ ತೆಗೆಯಬೇಕು. ತಾಮ್ರದ ಜಡೆಯನ್ನು ಬೆಸುಗೆಯ ಮೇಲಿಟ್ಟು, ಅದರ ಮೇಲೆ ಐರನ್ ಇಟ್ಟರೆ ಕರಗಿದ ತವರವನ್ನು ಜಡೆ ಹೀರಿಕೊಳ್ಳುತ್ತದೆ. ಒಂದು ಚೂರು ಜಾಸ್ತಿ ಹೊತ್ತು ಇಟ್ಟರೆ ಕೆಳಗಿನ ಪ್ಯಾಡೇ, ಅಂದರೆ ಬಿಡಿಭಾಗ ಕೂರುವ ತಾಮ್ರದ ಬಿಲ್ಲೆಯೇ, ಎದ್ದು ಬರುತ್ತದೆ. ಪ್ಯಾಡ್ ಎದ್ದರೆ ಬೋರ್ಡು ಸತ್ತ ಹಾಗೆ. ಎಷ್ಟು ಕಾವು ಸಾಕು ಅನ್ನೋದು ಕೈಗೆ ಗೊತ್ತಾಗುವವರೆಗೂ ತೆಗೆಸಿದರು. ಆಮೇಲೆ ಹಾಕೋದು. ಐರನ್ನಿನ ತುದಿಯ ಟಿಪ್ಪನ್ನು ಒದ್ದೆ ಸ್ಪಂಜಿಗೆ ಒರೆಸಿ, ಚೂರು ತವರ ಹಚ್ಚಿ, ಬಿಡಿಭಾಗದ ಕಾಲು ಮತ್ತು ಪ್ಯಾಡು ಎರಡಕ್ಕೂ ತಾಗುವ ಹಾಗೆ ಇಡಬೇಕು. ಮೋಟ್, ಹಾಯ್, ಬಾ, ಒಂದು ಎರಡು ಮೂರು ಅಂತ ಅವರು ಎಣಿಸುತ್ತಿದ್ದರು. ಮೂರಕ್ಕೆ ಇನ್ನೊಂದು ಕಡೆಯಿಂದ ತವರದ ತಂತಿ ತಾಗಿಸಬೇಕು. ಐರನ್‌ಗೆ ತಾಗಿಸಬಾರದು, ಕಾಲಿಗೆ ತಾಗಿಸಬೇಕು. ಅದು ತಾನಾಗಿ ಹರಿದು ಕಾಲನ್ನು ಅಪ್ಪಿಕೊಳ್ಳಬೇಕು. ಮೊದಲು ತಂತಿ ತೆಗಿ, ಆಮೇಲೆ ಐರನ್. ಹೊಳೆದರೆ ಸರಿ. ಉಂಡೆ ಕಟ್ಟಿ ಮಂಕಾಗಿ ಕೂತರೆ ಮೇಲೆ ಮಾತ್ರ ಅಂಟಿದೆ, ಒಳಗೆ ಹಿಡಿದಿಲ್ಲ. ಹಿಡಿದಿಲ್ಲ ಅಂದರೆ ಮತ್ತೆ ಜಡೆ ಎತ್ತಿಕೋ. ಬೈಗುಳ ಇಲ್ಲ, ಶಹಬ್ಬಾಸ್ ಕೂಡ ಇಲ್ಲ. ಪಾಠ ಮುಗಿದ ಮೇಲೆ ಮೊಳಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ.

ಎಂ.ಎಸ್.ನಲ್ಲಿ ಏನೇನು ಓದಿದೆ ಅಂತ ಇವತ್ತು ಕೇಳಿದರೆ ಸಬ್ಜೆಕ್ಟಿನ ಹೆಸರುಗಳಷ್ಟೇ ನೆನಪಿದೆ. ಮೋಟ್, ಹಾಯ್, ಬಾ ಮಾತ್ರ ಮರೆತಿಲ್ಲ.

ಅವರ ಕಥೆ ನನಗೆ ಪೂರ್ತಿ ಸಿಕ್ಕಿದ್ದು ಒಂದು ರಾತ್ರಿ. 1999ರ ಫೆಬ್ರವರಿಯಲ್ಲಿ ಅವರ ಹೊಸ ವರ್ಷ, ತೆತ್. ಅದಕ್ಕೆ ಬಾನ್ ಚುಂಗ್ ಮಾಡುತ್ತಾರೆ. ನೆನೆಸಿದ ಅಂಟು ಅಕ್ಕಿ, ಮಧ್ಯೆ ಬೆಂದ ಹೆಸರುಬೇಳೆ, ಹಂದಿ ಮಾಂಸ, ಎಲೆಯಲ್ಲಿ ಚೌಕವಾಗಿ ಸುತ್ತಿ, ದಾರ ಕಟ್ಟಿ, ದೊಡ್ಡ ಹಂಡೆಯಲ್ಲಿ ಹತ್ತು ಹನ್ನೆರಡು ಗಂಟೆ ಬೇಯಿಸಬೇಕು. ಅಲ್ಲಿ ಬಾಳೆಲೆ ಬಳಸುತ್ತಿದ್ದರು. ನಮಗೆ ಅಂತ ಬರೀ ಬೇಳೆ, ಕಾಳುಮೆಣಸು ಹಾಕಿ ಬೇರೆ ಕಟ್ಟಿ, ಗುರುತಿಗೆ ಕೆಂಪು ದಾರ ಸುತ್ತಿದ್ದರು. ಬೇರೆ ಪಾತ್ರೆಯಲ್ಲೇ ಬೇಯಿಸಿದರು. ಹಿತ್ತಲಲ್ಲಿ ಗ್ಯಾಸ್ ಒಲೆಯ ಮೇಲೆ ಹಂಡೆ. ನೀರು ಕಮ್ಮಿಯಾದರೆ ಬಿಸಿನೀರು ಸುರಿಯೋಕೆ ಒಬ್ಬರು ಎದ್ದಿರಬೇಕು. ಆ ಚಳಿಯಲ್ಲಿ ಕಂಬಳಿ ಹೊದ್ದು ನಾನೂ ಜೊತೆಗೆ ಕೂತೆ. ಅವರ ಇಂಗ್ಲಿಷು ತುಂಡು ತುಂಡು. ನಡುವೆ ಕೈ, ಕಣ್ಣು, ಒಂದು ಕಡ್ಡಿಯಿಂದ ನೆಲದ ಮೇಲೆ ಗೀಚಿದ ಭೂಪಟ.

1936ರಲ್ಲಿ ಅವರು ಹುಟ್ಟಿದ್ದು ಉತ್ತರದಲ್ಲಿ, ನಾಮ್ ದಿನ್ಹ್ ಕಡೆಯ ಹಳ್ಳಿಯಲ್ಲಿ. 1954ರಲ್ಲಿ ಜಿನೀವಾ ಒಪ್ಪಂದವಾಗಿ ದೇಶ ಎರಡಾಯಿತು. ಬೇಕಾದವರು ಆ ಕಡೆ, ಈ ಕಡೆ ಹೋಗೋಕೆ 300 ದಿನ ಗಡುವು. ಉತ್ತರದಿಂದ ಎಂಟು ಲಕ್ಷಕ್ಕೂ ಹೆಚ್ಚು ಜನ ದಕ್ಷಿಣಕ್ಕೆ ಹೊರಟರು. ಹದಿನೆಂಟರ ಹುಡುಗಿ ಅಪ್ಪನ ಜೊತೆ ಹೈಫಾಂಗ್ ಬಂದರಿನಲ್ಲಿ ಹಡಗಿಗೆ ಕಾದಿದ್ದಳು. ಅಲ್ಲಿ ಭಾರತದ ಸೇನಾಧಿಕಾರಿಗಳನ್ನು ಕಂಡಿದ್ದರಂತೆ. ಆ ಒಪ್ಪಂದದ ಉಸ್ತುವಾರಿಗೆ ಭಾರತ, ಕೆನಡಾ, ಪೋಲೆಂಡ್ ಸೇರಿದ ಆಯೋಗ ಇತ್ತು, ಅಧ್ಯಕ್ಷತೆ ಭಾರತದ್ದು. ಪೇಟ ಕಟ್ಟಿದ್ದ ಒಬ್ಬರು ಅಪ್ಪನಿಗೆ ಸಾಲಿನಲ್ಲಿ ಜಾಗ ಬಿಡಿಸಿಕೊಟ್ಟಿದ್ದರು. ನೀವು ಭಾರತದವರು ಅಂದಾಗಲೇ ರೂಮು ಕೊಡಬೇಕು ಅಂತ ಮನಸ್ಸು ಮಾಡಿದೆ ಅಂದರು. ಯಾವ ಊರಿನ ಯಾವ ಪುಣ್ಯಾತ್ಮನೋ, ನಾವು ಹುಟ್ಟುವ ಎಷ್ಟೋ ವರ್ಷ ಮೊದಲು ನಮ್ಮ ಬಾಡಿಗೆ ಮನೆಯ ಮಾತಾಡಿಟ್ಟಿದ್ದ!

ದಕ್ಷಿಣದ ರಾಜಧಾನಿ ಸೈಗಾನಿನಲ್ಲಿ ಮದುವೆ. ಗಂಡ ದಕ್ಷಿಣದ ಸೈನ್ಯದಲ್ಲಿ ಕ್ಯಾಪ್ಟನ್. ಮೂರು ಮಕ್ಕಳು. ಬೆನ್ ತಾನ್ ಮಾರುಕಟ್ಟೆ ಹತ್ತಿರ ಒಂದು ಮಾರಿಯಮ್ಮನ ಗುಡಿ ಇದೆ, ತಮಿಳರು ಕಟ್ಟಿಸಿದ್ದು. ವಿಯೆಟ್ನಾಂನವರೂ ಅಲ್ಲಿಗೆ ಹೋಗುತ್ತಾರೆ, ಗರ್ಭಗುಡಿಯ ಹಿಂದಿನ ಕಲ್ಲಿಗೆ ಹಣೆ ಒತ್ತಿ ಬೇಡಿಕೊಳ್ಳುತ್ತಾರೆ. ಅಜ್ಜಿಯೂ ಹೋಗುತ್ತಿದ್ದರು, ಗಂಡ ಯುದ್ಧಕ್ಕೆ ಹೋದಾಗಲೆಲ್ಲ. ನಮ್ಮೂರಲ್ಲೂ ಅವಳ ಗುಡಿ ಇದೆ, ಮಾರಮ್ಮ ಅಂತೀವಿ ಅಂದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

1975ರ ಏಪ್ರಿಲ್ 30ಕ್ಕೆ ಸೈಗಾನ್ ಉತ್ತರದ ಕಮ್ಯುನಿಸ್ಟರ ಕೈಗೆ ಬಿತ್ತು. ಜೂನ್‌ನಲ್ಲಿ ದಕ್ಷಿಣದ ಸೈನ್ಯದ ಅಧಿಕಾರಿಗಳೆಲ್ಲ ಮರುಶಿಕ್ಷಣ ಅನ್ನುವ ಹೆಸರಿನ ಸೆರೆ ಶಿಬಿರಕ್ಕೆ ಬರಬೇಕು, ಒಂದು ತಿಂಗಳಿಗೆ ಆಗುವಷ್ಟು ಬಟ್ಟೆ, ಊಟದ ಖರ್ಚು ತರಬೇಕು ಅಂತ ಆದೇಶವಾಯಿತು. ಅಜ್ಜಿ ಲೆಕ್ಕ ಹಾಕಿ ಒಂದು ತಿಂಗಳಿಗೆ ಆಗುವಷ್ಟೇ ಕಟ್ಟಿಕೊಟ್ಟರು. ವರ್ಷಗಳು ಕಳೆದರೂ ಗಂಡ ಬರಲಿಲ್ಲ. ಫುಟ್‌ಪಾತಿನಲ್ಲಿ ನೂಡಲ್ಸ್ ಸಾರು ಮಾರಿ ಮಕ್ಕಳನ್ನು ಸಾಕಿದರು. ಮಕ್ಕಳನ್ನು ಕರೆದುಕೊಂಡು ಹೋಗಿಬಿಡು ಅಂತ ಶಿಬಿರದಿಂದ ಗಂಡನೇ ಹೇಳಿಕಳಿಸಿದ. 1979ರಲ್ಲಿ ಬಟ್ಟೆಯ ಅಂಚಿನಲ್ಲಿ ಹೊಲಿದಿಟ್ಟಿದ್ದ ಚಿನ್ನದ ತಗಡು ಕೊಟ್ಟು, ರಾಕ್ ಜಾ ಎಂಬ ಊರಿನಿಂದ ಮೀನುಗಾರರ ದೋಣಿ ಹತ್ತಿದರು. ಮೂರು ಮಕ್ಕಳು ಮತ್ತು ಅವರು. ಥಾಯ್ಲೆಂಡ್ ಕೊಲ್ಲಿಯಲ್ಲಿ ಆಗ ಕಡಲ್ಗಳ್ಳರ ಕಾಟ. ಆ ಭಾಗ ಬಂದಾಗ ಅಜ್ಜಿ ಎದ್ದು ಹಂಡೆಗೆ ನೀರು ಸುರಿದರು. ವಾಪಸು ಕೂತಾಗ ಕಥೆ ಮಲೇಷ್ಯಾ ತಲುಪಿತ್ತು. ನಾನು ಕೇಳಲಿಲ್ಲ. ಆಮೇಲೂ ಯಾವತ್ತೂ ಕೇಳಲಿಲ್ಲ.

ಪುಲಾವ್ ಬಿಡೊಂಗ್ ಅನ್ನೋದು ಮಲೇಷ್ಯಾದ ತೀರದಾಚೆಯ ಒಂದು ದ್ವೀಪ. ವಿಸ್ತಾರ ಸುಮಾರು ಒಂದು ಚದರ ಕಿಲೋಮೀಟರ್. 1979ರ ಮಧ್ಯದಲ್ಲಿ ಅಲ್ಲಿ ಸುಮಾರು 40,000 ನಿರಾಶ್ರಿತರಿದ್ದರು. ಕಡಿದ ಮರ, ಗೋಣಿ, ಪ್ಲಾಸ್ಟಿಕ್ಕಿನ ಗುಡಿಸಲು. ನೀರಿಗೆ ಸಾಲು, ಅಕ್ಕಿಗೆ ಸಾಲು, ಯಾವ ದೇಶ ಕರೆಯುತ್ತದೋ ಅಂತ ಕಾಯೋಕೆ ಇನ್ನೊಂದು ಸಾಲು. ಅಜ್ಜಿ ಅಲ್ಲೂ ಸುಮ್ಮನೆ ಕೂರಲಿಲ್ಲ. ಪಡಿತರದ ಹಿಟ್ಟಿನಲ್ಲಿ ಬನ್ನು ಮಾಡಿ ಮಾರಿದರು. 1980ರಲ್ಲಿ ಸ್ಯಾನ್ ಹೋಸೆಗೆ ಬಂದಿಳಿದಾಗ ಆ ಬನ್ನಿನ ದುಡ್ಡಿನಲ್ಲಿ ಮೂರೂ ಮಕ್ಕಳಿಗೆ ಹೊಸ ಚಪ್ಪಲಿ ಇತ್ತು. ಇದನ್ನು ಹೇಳುವಾಗ ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಶಿಬಿರದಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಕಳೆದವರನ್ನು ಅಮೆರಿಕ ಕರೆಸಿಕೊಳ್ಳುವ ಒಪ್ಪಂದ 1989ರಲ್ಲಿ ಆಯಿತು. ಗಂಡ ಬಂದದ್ದು 1991ರಲ್ಲಿ. ದೇಶ ಬಿಟ್ಟ ಹನ್ನೆರಡು ವರ್ಷದ ಮೇಲೆ ನೋಡುತ್ತಿದ್ದಾರೆ. ವಿಮಾನ ನಿಲ್ದಾಣದಲ್ಲಿ ಮಕ್ಕಳಿಗೆ ಅಪ್ಪನ ಗುರುತು ಸಿಗಲಿಲ್ಲ, ಅಜ್ಜಿಗೆ ಸಿಕ್ಕಿತು. ಐದು ವರ್ಷ ಜೊತೆಗಿದ್ದು ಅವರು ಹೋದರು. ನಾವು ಹೋಗುವಾಗ ಹಜಾರದ ಪೀಠದ ಮೇಲೆ ಅವರ ಫೋಟೋ, ಮುಂದೆ ಕಿತ್ತಳೆ ಹಣ್ಣು, ಊದುಬತ್ತಿ. ನಾನು ಮೈಸೂರಿನಿಂದ ತರಿಸಿಕೊಟ್ಟ ಗಂಧದ ಊದುಬತ್ತಿಯನ್ನು ಅಜ್ಜಿ ಗಂಡನ ತಿಥಿಯ ದಿನಕ್ಕೆ ಅಂತ ಎತ್ತಿಡುತ್ತಿದ್ದರು.

ಇಷ್ಟೆಲ್ಲ ಕಂಡವರು ಮನೆಯಲ್ಲಿ ಎಷ್ಟು ಗಟ್ಟಿ ಅಂತ ಹೇಳಬೇಕಾಗಿಲ್ಲ. ಭಾನುವಾರ ಮಕ್ಕಳು, ಮೊಮ್ಮಕ್ಕಳು ಎಲ್ಲ ಸೇರಬೇಕು. ಹುಡುಗರು ಬಾಗಿಲಲ್ಲೇ ಎರಡೂ ಕೈ ಎದೆಗೆ ಕಟ್ಟಿ, ತಲೆ ಬಗ್ಗಿಸಿ ನಮಸ್ಕಾರ ಹೇಳಿ ಒಳಗೆ ಬರಬೇಕು. ದೊಡ್ಡ ಮಗಳಿಗೆ ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇತ್ತು. ಅದಕ್ಕೆ ಬಂಡವಾಳ ಬಂದದ್ದು ಅಜ್ಜಿ ನಡೆಸುತ್ತಿದ್ದ ಚೀಟಿಯಿಂದ. ಹುಯಿ ಅಂತಾರೆ, ಥೇಟ್ ನಮ್ಮ ಚೀಟಿಯೇ. ತಿಂಗಳು ತಿಂಗಳು ದುಡ್ಡು ಹಾಕೋದು, ಕೂಗೋದು, ಎತ್ತೋದು. ಬ್ಯಾಂಕು ಸಾಲ ಕೊಡದವರಿಗೆ ಅದೇ ಬ್ಯಾಂಕು. ಯಾರಾದರೂ ಎತ್ತಿಕೊಂಡು ಓಡಿಹೋದರೆ ನಡೆಸುವವರೇ ಕೈಯಿಂದ ತುಂಬಬೇಕು. ಅಜ್ಜಿಯ ಚೀಟಿ ಒಂದು ಸಲವೂ ಮುಳುಗಲಿಲ್ಲ. ನನ್ನ ಎರಡನೇ ವರ್ಷದ ಫೀಸಿಗೆ ದುಡ್ಡು ಕಮ್ಮಿಯಾದಾಗ ಆ ತಿಂಗಳು ಯಾರೂ ಕೂಗದ ಹಾಗೆ ಎಲ್ಲರಿಗೂ ಫೋನ್ ಮಾಡಿ, ಪೂರ್ತಿ ಮೊತ್ತ ನನಗೆ ಎತ್ತಿಸಿಕೊಟ್ಟರು. ಹೆಸರೂ ಗೊತ್ತಿಲ್ಲದ ಹದಿನೈದಿಪ್ಪತ್ತು ವಿಯೆಟ್ನಾಂ ಹೆಂಗಸರ ದುಡ್ಡಿನಲ್ಲಿ ನಾನು ಎಂ.ಎಸ್. ಮುಗಿಸಿದ್ದೇನೆ.

ಇನ್ನು ನಮ್ಮ ತುಂಟತನದ ಕಥೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಒಂದು ಬೋರ್ಡು ಮಾಡಬೇಕಿತ್ತು. ಅದರಲ್ಲಿ 208 ಲೋಹದ ಕಾಲಿನ ಎಲೆಕ್ಟ್ರಾನಿಕ್ ಚಿಪ್ಪು, ಕಾಲಿಂದ ಕಾಲಿಗೆ ಅರ್ಧ ಮಿಲಿಮೀಟರು. ಗುಂಪಿನಲ್ಲಿದ್ದ ಹುಡುಗರು ಒಂದು ಚಿಪ್ಪನ್ನು ಆಗಲೇ ಸುಟ್ಟಿದ್ದರು. ಉಳಿದದ್ದು ಒಂದೇ. ಸೋಮವಾರ ಬೆಳಗ್ಗೆ ತೋರಿಸಬೇಕು. ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅಜ್ಜಿಯನ್ನೇ ಲ್ಯಾಬಿಗೆ ಕರೆದುಕೊಂಡು ಬಂದುಬಿಡೋಣ! ಹೊರಗಿನವರಿಗೆ ಪ್ರವೇಶ ಇಲ್ಲ. ಭಾನುವಾರ ರಾತ್ರಿ ಯೂನಿವರ್ಸಿಟಿಯ ಹೆಸರು ಬರೆದಿದ್ದ ಟೋಪಿಯ ಸ್ವೆಟರನ್ನು ಅಜ್ಜಿಗೆ ತೊಡಿಸಿದೆವು. ಅದು ಅವರ ಮಂಡಿಗೆ ಬರುತ್ತಿತ್ತು. ಟೋಪಿ ಎಳೆದು, ಹೆಗಲಿಗೆ ನನ್ನ ಬ್ಯಾಗು ಹಾಕಿ, ಇಬ್ಬರು ಆ ಕಡೆ, ಇಬ್ಬರು ಈ ಕಡೆ ನಡೆದೆವು. ಕ್ಯಾಂಪಸ್ ಪೊಲೀಸರ ಕಾರು ಪಕ್ಕದಲ್ಲೇ ಹೋಯಿತು. ಅಜ್ಜಿ ನಮಗಿಂತ ಚೆನ್ನಾಗಿ ಸ್ಟೂಡೆಂಟ್ ಹಾಗೆ ತಲೆ ತಗ್ಗಿಸಿ ನಡೆದರು.

ಲ್ಯಾಬಿನಲ್ಲಿ ಕೂತವರೇ ಕರವಸ್ತ್ರದ ಗಂಟು ಬಿಚ್ಚಿ ತಮ್ಮದೇ ಟಿಪ್ಪು ತೆಗೆದರು. ಮೊದಲು ಚಿಪ್ಪಿನ ಎದುರು ಬದುರು ಮೂಲೆಯ ಎರಡು ಕಾಲನ್ನು ಹಿಡಿಸಿದರು. ಮೈಕ್ರೋಸ್ಕೋಪಿನಲ್ಲಿ ನಾಲ್ಕೂ ಕಡೆ ನೋಡಿ ಸರಿಯಾಗಿ ಕೂತಿದೆ ಅಂತ ಖಾತ್ರಿ ಮಾಡಿಕೊಂಡರು. ತವರ ಸಲೀಸಾಗಿ ಹರಿಯಲಿ ಅಂತ ಫ್ಲಕ್ಸ್ ಸವರಿ, ಟಿಪ್ಪಿನಲ್ಲಿ ಒಂದು ಹನಿ ತವರ ಇಟ್ಟುಕೊಂಡು ಒಂದು ಬದಿಯ 52 ಕಾಲುಗಳ ಮೇಲೆ ಒಂದೇ ಸಮ ಎಳೆದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ನಮ್ಮ ಪ್ರೊಫೆಸರ್! ಯಾವುದೋ ಉತ್ತರ ಪತ್ರಿಕೆಗಳನ್ನು ಮರೆತುಹೋಗಿದ್ದರಂತೆ. ನಾವು ಕಲ್ಲಾದೆವು. ಅವರು ಹತ್ತಿರ ಬಂದು ಬಗ್ಗಿ ನೋಡಿದರು. ಅಜ್ಜಿ ತಲೆ ಎತ್ತದೆ, ಲೈಟಿಗೆ ಅಡ್ಡ ನಿಲ್ಲಬೇಡ ಅಂದರು. ಪ್ರೊಫೆಸರ್ ಪಕ್ಕಕ್ಕೆ ಸರಿದು ನಿಂತರು. ನಾಲ್ಕನೇ ಬದಿ ಮುಗಿಯುವವರೆಗೂ ಅಲ್ಲಾಡಲಿಲ್ಲ. ಆಮೇಲೆ ತಾವೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಒಂದೊಂದೇ ಕಾಲು ನೋಡಿ, ಇವರು ಯಾರು ಅಂತ ನಮ್ಮನ್ನು ಕೇಳಿದರು. ಉತ್ತರ ಅಜ್ಜಿಯೇ ಕೊಟ್ಟರು. ಇವರ ಅಜ್ಜಿ.

ಶಿಕ್ಷೆ ಆಯಿತು. ಆ ಬೋರ್ಡು ಲೆಕ್ಕಕ್ಕಿಲ್ಲ, ಇನ್ನೊಂದು ವಾರ ಕೊಡುತ್ತೇನೆ, ಹೊಸ ಚಿಪ್ಪು ತರಿಸಿಕೊಡುತ್ತೇನೆ, ನೀವೇ ಮಾಡಿ ಅಂದರು. ಮಾಡಿದವಳು ನಾನು. 208 ಕಾಲು, ಒಂದೂ ಪಕ್ಕದ್ದಕ್ಕೆ ಅಂಟಿಕೊಳ್ಳಲಿಲ್ಲ, ಒಂದೂ ಬಿಡಲಿಲ್ಲ. ಆ ಬೋರ್ಡು ಮೊದಲ ಸಲಕ್ಕೇ ಕೆಲಸ ಮಾಡಿತು. ಮಾರನೇ ತಿಂಗಳು ಪ್ರೊಫೆಸರ್ ಅಜ್ಜಿಯನ್ನು ಕ್ಲಾಸಿಗೆ ಕರೆಸಿದರು. ಅವತ್ತು ಅಜ್ಜಿ ಆವೊ ಜಾಯ್ ಉಟ್ಟು ಬಂದರು. ನೀಲಿ ರೇಷ್ಮೆಯ ಉದ್ದನೆಯ ನಿಲುವಂಗಿ, ಗಂಡನನ್ನು ಕರೆತರಲು ಹೋದಾಗ ಉಟ್ಟಿದ್ದು. ನಲವತ್ತು ಜನ ಮಾಸ್ಟರ್ಸ್ ವಿದ್ಯಾರ್ಥಿಗಳು ಅವರ ಸುತ್ತ ನಿಂತಿದ್ದರು. ಮೋಟ್, ಹಾಯ್, ಬಾ ಅಂತ ಎಲ್ಲರ ಕೈಲೂ ಹೇಳಿಸಿದರು.

2001ರಲ್ಲಿ ಕಂಪನಿಗಳು ಬಿದ್ದವು. ಅಜ್ಜಿಯ ಕೆಲಸ ಹೋಯಿತು, ಅಸೆಂಬ್ಲಿ ಬೇರೆ ದೇಶಗಳಿಗೆ ಹೋಯಿತು. ಅದೇ ವರ್ಷ ನನ್ನದೂ ಹೋಯಿತು. ಬಾಡಿಗೆ ಬೇಡ, ಊಟ ಬಿಡಬೇಡ ಅಂದರು ಅಜ್ಜಿ. ಅವರು ಒಂದು ವಾರವೂ ಖಾಲಿ ಕೂರಲಿಲ್ಲ. ಅವರ ಜನಕ್ಕೆ ಕರಾವೊಕೆ ಹುಚ್ಚು, ಮನೆ ಮನೆಯಲ್ಲೂ ಆಂಪ್ಲಿಫೈಯರ್. ಕೆಟ್ಟವನ್ನೆಲ್ಲ ತರಿಸಿಕೊಂಡು ರಿಪೇರಿ ಶುರು ಮಾಡಿದರು. ನಾನು ಪಕ್ಕದಲ್ಲಿ ಕೂತು ಎಲ್ಲಿ ಕೆಟ್ಟಿದೆ ಅಂತ ಮೀಟರ್ ಹಿಡಿದು ಹುಡುಕಿ ಹೇಳುತ್ತಿದ್ದೆ. ಇಂಟರ್‌ವ್ಯೂಗೆ ಹೊರಡುವ ದಿನ ಬಾಗಿಲವರೆಗೂ ಬಂದು ನನ್ನ ಕಾಲರ್ ಸರಿಮಾಡಿ ಕಳಿಸುತ್ತಿದ್ದರು.

ಸೀಸ ಇಲ್ಲದ ಬೆಸುಗೆ ಬಂದಾಗ ಅವರಿಗೆ ಎಪ್ಪತ್ತು. 2006ರಲ್ಲಿ ಯುರೋಪು ಎಲೆಕ್ಟ್ರಾನಿಕ್ಸ್ ಬೆಸುಗೆಯಲ್ಲಿ ಸೀಸವನ್ನು ಬಹುಮಟ್ಟಿಗೆ ನಿಷೇಧಿಸಿತು, ಹೆಚ್ಚಿನ ಕಂಪನಿಗಳು ಬದಲಾಯಿಸಿದವು. ಹೊಸ ಬೆಸುಗೆ ಅಷ್ಟು ಹೊಳೆಯುವುದಿಲ್ಲ, ಕರಗೋಕೆ ಜಾಸ್ತಿ ಕಾವು ಬೇಕು. ನಾನು ಒಂದು ಬೋರ್ಡು ತೋರಿಸಿದೆ. ಇದಕ್ಕೆ ಕಾಯಿಲೆ ಅಂದರು. ಕಾಯಿಲೆ ಅಲ್ಲ, ಇದೇ ಸರಿ ಅಂದೆ. ಕನ್ನಡಕ ಹಾಕಿಕೊಂಡು, ಭೂತಗನ್ನಡಿ ತಂದು, ಒಂದು ಮಧ್ಯಾಹ್ನ ಪೂರ್ತಿ ಕೂತರು. ಹೊಳಪು ನೋಡಬೇಡ, ಕಾಲನ್ನು ಅಪ್ಪಿದೆಯೋ ಇಲ್ಲವೋ ನೋಡು ಅಂತ ಸಂಜೆಗೆ ನನಗೇ ತಿರುಗಿ ಪಾಠ ಹೇಳಿದರು. ಇವತ್ತು ಆಸ್ಪತ್ರೆಗಳ ಮಾನಿಟರುಗಳಿಗೆ ನಮ್ಮ ತಂಡ ಬೋರ್ಡು ಮಾಡುತ್ತದೆ. ಆ ತಂಡ ನಡೆಸುವವಳು ನಾನು. ಹೊಸಬರಿಗೆ ಮೊದಲ ದಿನ ಅದನ್ನೇ ಹೇಳುತ್ತೇನೆ.

ಈಗಿನ ಮಕ್ಕಳು ಜಾಣರು, ನಮಗಿಂತ ಜಾಸ್ತಿಯೇ. ನಮ್ಮ ಕಡೆಯ ಹೊಸ ಪದವೀಧರರನ್ನು ವಿಡಿಯೋದಲ್ಲಿ ಇಂಟರ್‌ವ್ಯೂ ಮಾಡುತ್ತೇನೆ. ಸಿಮ್ಯುಲೇಷನ್ ಚಕಚಕ ಅಂತ ಮಾಡಿ ತೋರಿಸುತ್ತಾರೆ. ಐರನ್ ಹಿಡಿದಿದ್ದೀರಾ ಅಂತ ಕೇಳಿದರೆ, ಸೆಮಿಸ್ಟರಿಗೆ ಒಂದು ಸಲ ಡೆಮೋ ತೋರಿಸಿದರು ಮೇಡಂ ಅಂತಾರೆ. ನನ್ನ ಅಣ್ಣನ ಮಗ ಬೆಂಗಳೂರಿನಲ್ಲಿ ಓದಿದ. ಅವನ ಲ್ಯಾಬಿನಲ್ಲಿ ಪರದೆಯ ಮೇಲಿನ ರೆಸಿಸ್ಟರನ್ನು ಮೌಸಿನಿಂದ ಎಳೆದು ಕೂರಿಸೋದು. ಅಲ್ಲಿ ಯಾವುದೂ ಸುಡೋದಿಲ್ಲ. ಸುಡದ ಲ್ಯಾಬಿನಲ್ಲಿ ಮಕ್ಕಳಿಗೆ ಕಾವು ಹೇಗೆ ಗೊತ್ತಾಗಬೇಕು? ಫೀಸು ಮಾತ್ರ ನಮ್ಮ ಕಾಲದ ಎಷ್ಟೋ ಪಟ್ಟು. ತಲೆಗೆ ಇಷ್ಟೊಂದು ಖರ್ಚು ಮಾಡುವವರು ಕೈಗೂ ಒಂದಿಷ್ಟು ಮಾಡಬಾರದಾ?

ಅಜ್ಜಿ ಹೋದಾಗ ಮಕ್ಕಳು ಮೊಮ್ಮಕ್ಕಳೆಲ್ಲ ತಲೆಗೆ ಬಿಳಿ ಪಟ್ಟಿ ಕಟ್ಟಿದ್ದರು. ಅದು ಮನೆಯವರಿಗೆ ಮಾತ್ರ. ದೊಡ್ಡ ಮಗಳು ನನ್ನ ಹತ್ತಿರ ಬಂದು ಏನೂ ಹೇಳದೆ ನನಗೂ ಒಂದು ಕಟ್ಟಿದರು. 49ನೇ ದಿನದ ಪೂಜೆಗೆ ಸಸ್ಯಾಹಾರದ ಅಡುಗೆ. ಶಿವಮೊಗ್ಗದ ಗೆಳತಿ ಟೆಕ್ಸಾಸಿನಿಂದ ವಿಮಾನ ಹತ್ತಿ ಬಂದು ಅದೇ ಹಿತ್ತಲ ಒಂದೆಲಗ ಕೊಯ್ದು ದೊಡ್ಡ ಪಾತ್ರೆ ತುಂಬ ತಂಬುಳಿ ಮಾಡಿದಳು. ಭಿಕ್ಷುಗಳು ಎರಡೆರಡು ಸಲ ಹಾಕಿಸಿಕೊಂಡರು.

ನಮ್ಮ ಬ್ಯಾಚಿನವರು ಸೇರಿ ಈ ವರ್ಷ ಕಾಲೇಜಿನ ಲ್ಯಾಬಿಗೆ ಬೆಸುಗೆಯ ಮೇಜುಗಳನ್ನು ಕೊಡುತ್ತಿದ್ದೇವೆ. ಹೊಗೆ ಎಳೆಯುವ ಫ್ಯಾನು, ಮೈಕ್ರೋಸ್ಕೋಪು, ಒಬ್ಬೊಬ್ಬರಿಗೆ ಒಂದೊಂದು ಐರನ್. ನಮ್ಮ ಮೇಷ್ಟ್ರ ಹೆಸರೂ ಅಜ್ಜಿಯ ಹೆಸರೂ ಒಂದೇ ಫಲಕದಲ್ಲಿ ಇರುತ್ತದೆ. ಪ್ರಿನ್ಸಿಪಾಲರಿಗೆ ಬರೆದ ಕಾಗದದಲ್ಲಿ ಎರಡು ಮಾತು ನಡೆಸಿಕೊಡಿ ಅಂತ ಕೇಳಿದ್ದೇನೆ. ಕೈ ತೊಳೆಯುವ ಬೇಸಿನ್ ಲ್ಯಾಬಿನ ಒಳಗೇ ಇರಲಿ, ಸೋಪಿನ ಸಮೇತ. ಬೀರುವಿಗೆ ಬೀಗ ಹಾಕಬೇಡಿ. ಸುಟ್ಟ ಟಿಪ್ಪುಗಳ ಲೆಕ್ಕ ಪ್ರತಿ ಸೆಮಿಸ್ಟರು ನನಗೆ ಕಳಿಸಿ, ಹೊಸದು ಕಳಿಸುತ್ತೇನೆ.